ಸೋಣದ ಬಿಸಿಲು

ಕಾರ್ಕಳದ ಬಸ್ಸಿನಿಂದ ಇಳಿದು ಬಂದ ನನ್ನ ಗಂಡನ ಹೆಗಲ ಮೇಲೆ ದೊಡ್ಡದೊಂದು ಮರದ ಪೆಟ್ಟಿಗೆ ಇತ್ತು. ನಾನು ಹಾರ್ಮೋನಿಯಂ ಅಂದುಕೊಂಡೆ. ಗಲ್ಫ್ ಬಿಟ್ಟು ಬಂದ ಗಂಡಸರಿಗೆ ಮನೆಯಲ್ಲಿ ಕೂತು ಕೂತು ತಲೆ ಕೆಡುತ್ತದೆ ಎಂದು ಕೇಳಿದ್ದೆ, ಅದು ಸಂಗೀತದವರೆಗೆ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ತೆರೆದು ನೋಡಿದರೆ ಒಳಗಿದ್ದದ್ದು ಕ್ಯಾಮರಾ. ಮುಂದೆ ಒಂದು ಲೆನ್ಸು, ಹಿಂದೆ ಒಂದು ಮಸುಕು ಗಾಜು, ನಡುವೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಕಪ್ಪು ಚರ್ಮ.

"ಇದು ಲಾರ್ಜ್ ಫಾರ್ಮ್ಯಾಟ್, ಹಸೀನಾ. ಹಾಳೆ ಹಾಳೆ ಫಿಲ್ಮು. ಒಂದು ಫೋಟೋಗೆ ಒಂದು ಹಾಳೆ," ಎಂದರು ಉಸ್ಮಾನ್.

"ನಿಮ್ಮ ಹತ್ರ ಫೋನಿಲ್ವಾ?" ಎಂದೆ.

ನಾನು ಕಾಪುವಿನ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಮನೆಯಲ್ಲಿ ನಮ್ಮದು ಬ್ಯಾರಿ ಮಾತು. ಆದರೆ ಸಿಟ್ಟು ಬಂದರೆ ನನ್ನ ಬಾಯಿಗೆ ತರಗತಿಯ ಕನ್ನಡವೇ ಬರುವುದು. ಆಗ ಉಸ್ಮಾನ್ ಹೋಂವರ್ಕ್ ಮರೆತವರ ಮುಖ ಮಾಡುತ್ತಿದ್ದರು, ಮಾಮಿ ಮೆಲ್ಲಗೆ ಅಡುಗೆಮನೆಗೆ ಸರಿಯುತ್ತಿದ್ದರು. ಮಾಮಿ ಎಂದರೆ ನನ್ನ ಅತ್ತೆ, ಆಮಿನಮ್ಮ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿದ್ದದ್ದು ನಾವು ಮೂವರೇ.

ಉಸ್ಮಾನ್ ಶಾರ್ಜಾದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಅಂಗಡಿಯಲ್ಲಿದ್ದವರು. ಗಲ್ಲ ಎತ್ತಿ, ಕಿವಿ ಕಾಣಲಿ, ನಗಬೇಡಿ, ಮುಗಿಯಿತು, ಮುಂದಿನವರು ಬನ್ನಿ. ಜೀವಮಾನವೆಲ್ಲ ಮುಖ ನೋಡಿದ್ದೇ ಕೆಲಸ, ಆದರೆ ಒಂದು ಮುಖವನ್ನೂ ಸರಿಯಾಗಿ ನೋಡಲಿಲ್ಲ ಎಂಬುದು ಅವರ ಕೊರಗು. ಕಾರ್ಕಳದ ಟ್ರೆವರ್ ಅವರ ಗೆಳೆಯ. ಅವನ ತಂದೆಯ ಸ್ಟುಡಿಯೋ ಮುಚ್ಚಿದಾಗ ಈ ಕ್ಯಾಮರಾ ಅಟ್ಟದ ಮೇಲೆ ಉಳಿದಿತ್ತು. "ಗುಜರಿಗೆ ಹಾಕುವ ಮೊದಲು ನೀನು ತಗೊಂಡು ಹೋಗು ಮಾರಾಯ" ಎಂದು ಟ್ರೆವರ್ ಹೇಳಿದ್ದೇ ತಡ, ಇವರು ಹೆಗಲಿಗೇರಿಸಿದ್ದರು.

ಆಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ನನ್ನ ಹಳೆಯ ಬುರ್ಖಾ ಕತ್ತರಿಸಿ ತಲೆಗೆ ಮುಸುಕು ಹಾಕಿಕೊಳ್ಳುವ ಕಪ್ಪು ಬಟ್ಟೆ ಹೊಲಿಸಿದರು. ಬಚ್ಚಲುಮನೆಯ ಕಿಟಕಿಗೆ ರಟ್ಟು, ಬಾಗಿಲ ಸಂದಿಗೆ ಟವೆಲ್. ಒಳಗೆ ಹೊಕ್ಕರೆ ಫಿಲ್ಮನ್ನು ಹೋಲ್ಡರಿಗೆ ಹಾಕುವವರೆಗೆ ಹೊರಗೆ ಬರುವ ಹಾಗಿಲ್ಲ, ನಾವು ಹೊರಗೆ ಕಾಯಬೇಕು. ಹೋಲ್ಡರ್ ಎಂದರೆ ಚಪ್ಪಟೆ ಪೆಟ್ಟಿಗೆ, ಸ್ಲೇಟಿನ ಗಾತ್ರದ್ದು. ಫಿಲ್ಮಿನ ಮೇಲೆ ಬೆಳಕು ಬೀಳದ ಹಾಗೆ ಒಂದು ಕಪ್ಪು ತಗಡು ಮುಚ್ಚಿಕೊಂಡಿರುತ್ತದೆ, ಅದಕ್ಕೆ ಸ್ಲೈಡ್ ಎನ್ನುತ್ತಾರೆ. ಫೋಟೋ ತೆಗೆಯುವ ಮೊದಲು ಲೆನ್ಸು ಮುಚ್ಚಿ, ಹೋಲ್ಡರನ್ನು ಕ್ಯಾಮರಾದ ಬೆನ್ನಿಗೆ ಸಿಕ್ಕಿಸಿ, ಸ್ಲೈಡನ್ನು ಮೇಲಕ್ಕೆ ಎಳೆಯಬೇಕು.

ಮೊದಲ ಸಲ ಉಸ್ಮಾನ್ ಸ್ಲೈಡ್ ಎಳೆಯಲು ಮರೆತರು. ಕಾಪು ಬೀಚಿನಲ್ಲಿ ಬೆಳಿಗ್ಗೆಯಿಡೀ ನಿಂತು ತೆಗೆದ ದೀಪಸ್ತಂಭ ಬಚ್ಚಲುಮನೆಯಲ್ಲಿ ತೊಳೆದಾಗ ಕಿಟಕಿಯ ಗಾಜಿನಷ್ಟು ಸ್ವಚ್ಛವಾಗಿ ಬಂತು. "ಬೆಳಕೇ ಬೀಳಲಿಲ್ಲ, ಅದಕ್ಕೆ ಖಾಲಿ," ಎಂದರು. ಎರಡನೆಯ ಸಲ ಸ್ಲೈಡ್ ಎಳೆದರು, ಆದರೆ ಲೆನ್ಸು ಮುಚ್ಚಲು ಮರೆತರು. ಅದು ದೋಸೆ ಕಾವಲಿಯ ಹಾಗೆ ಕಪ್ಪಾಗಿ ಬಂತು. "ಬೆಳಕು ಹೆಚ್ಚು ಬಿದ್ದರೆ ಕಪ್ಪು," ಎಂದರು. ಮೂರನೆಯದರಲ್ಲಿ ಫಿಲ್ಮನ್ನೇ ತಿರುವುಮುರುವು ಹಾಕಿದ್ದರು. ಒಂದು ಹಾಳೆಯ ಬೆಲೆಗೆ ಒಂದು ಹೊತ್ತಿನ ಅಂಜಲ್ ಮೀನು ಬರುತ್ತದೆ ಎಂದು ಗೊತ್ತಾದ ದಿನ ನಾನು ಕನ್ನಡದಲ್ಲಿ ಏನೆಲ್ಲ ಹೇಳಿದೆನೋ ಈಗ ನೆನಪಿಲ್ಲ.

ಆದರೆ ಕೆಟ್ಟ ಹಾಳೆಯನ್ನೂ ಅವರು ಬಿಸಾಡಲಿಲ್ಲ. ನನ್ನನ್ನು ಬಚ್ಚಲುಮನೆಯ ಕತ್ತಲೆಗೆ ಕರೆದು, ಅದನ್ನೇ ನನ್ನ ಕೈಗೆ ಕೊಟ್ಟು ಕಲಿಸಿದರು. ಹಾಳೆಯ ಒಂದು ಮೂಲೆಯಲ್ಲಿ ಸಣ್ಣ ಕಚ್ಚುಗಳಿರುತ್ತವೆ. "ಇದು ನಿನ್ನ ಬಲಗೈ ತೋರುಬೆರಳಿಗೆ ಸಿಗಬೇಕು. ಸಿಕ್ಕಿದರೆ ಫಿಲ್ಮಿನ ಮುಖ ನಿನ್ನ ಕಡೆಗೆ ಉಂಟು ಅಂತ ಅರ್ಥ." ನನ್ನ ಬೆರಳ ಮೇಲೆ ಅವರ ಬೆರಳಿತ್ತು. ಸಿಮೆಂಟು ನೆಲ ತಣ್ಣಗಿತ್ತು. ನಾನು ಬೇಕಂತಲೇ ಎರಡು ಸಲ ತಪ್ಪಿಸಿದೆ.

ಮೇ ತಿಂಗಳ ರಜೆಯ ಒಂದು ಸಂಜೆ, "ಇವತ್ತು ನೀನು ತೆಗಿ, ನಾನು ಕೂರ್ತೇನೆ," ಎಂದರು. ಸಿಟೌಟಿನಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರು. ನಾನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದೆ. ಮಸುಕು ಗಾಜಿನ ಮೇಲೆ ನನ್ನ ಗಂಡ ತಲೆಕೆಳಗಾಗಿ ನೇತಾಡುತ್ತಿದ್ದರು, ಕುರ್ಚಿಯ ಕಾಲುಗಳು ಮೇಲೆ, ಅವರ ಬೋಳುತಲೆ ಕೆಳಗೆ. ಈ ಕ್ಯಾಮರಾದಲ್ಲಿ ಎಲ್ಲವೂ ಹಾಗೆಯೇ ಕಾಣುವುದು. ನನಗೆ ನಗು ತಡೆಯಲಾಗಲಿಲ್ಲ.

"ನಗಬೇಡ ಮಾರಾಯ್ತಿ, ಕ್ಯಾಮರಾ ಅಲುಗ್ತದೆ."

ಅವರ ಕಣ್ಣು ಸ್ಪಷ್ಟವಾಗುವವರೆಗೆ ತಿರುಪು ತಿರುಗಿಸಿದೆ. ಲೆನ್ಸು ಮುಚ್ಚಿದೆ. ಹೋಲ್ಡರ್ ಸಿಕ್ಕಿಸಿದೆ. ಸ್ಲೈಡ್ ಎಳೆದೆ, ಸರ್ರೆಂದು ಸದ್ದಾಯಿತು. ಈ ಕ್ಯಾಮರಾದ ಒಂದು ವಿಶೇಷ ನನಗೆ ಆಗ ತಿಳಿಯಿತು. ಹೋಲ್ಡರ್ ಸಿಕ್ಕಿಸಿದ ಮೇಲೆ ಹಿಂದಿನಿಂದ ಏನೂ ಕಾಣುವುದಿಲ್ಲ. ತೆಗೆಯುವವರು ಬಟ್ಟೆಯಿಂದ ಹೊರಗೆ ಬಂದು ಕ್ಯಾಮರಾದ ಪಕ್ಕ ನಿಲ್ಲಬೇಕು, ಕೈಯಲ್ಲಿ ದಾರದಂಥ ಉದ್ದದ ತಂತಿ, ಅದರ ತುದಿಗೆ ಗುಂಡಿ.

"ಎಲ್ಲಿ ನೋಡ್ತೀರಿ?" ಎಂದು ಕೇಳಿದೆ.

"ನಿನ್ನನ್ನು. ಬೇರೆ ಎಲ್ಲಿ?"

ನನ್ನ ಫೋನಿನಲ್ಲಿ ಉಸ್ಮಾನರ ಫೋಟೋಗಳು ಬೇಕಾದಷ್ಟು ಉಂಟು. ಒಂದರಲ್ಲಿಯೂ ಅವರು ನನ್ನನ್ನು ನೋಡುತ್ತಿಲ್ಲ. ನಮ್ಮ ಸಂಸಾರ ನಡೆದದ್ದೇ ವಿಡಿಯೋ ಕಾಲಿನಲ್ಲಿ. ಅದರಲ್ಲಿ ಅವರ ನೋಟ ಯಾವಾಗಲೂ ನನ್ನ ಗಲ್ಲದ ಕೆಳಗೆ ಎಲ್ಲಿಯೋ ಇರುತ್ತಿತ್ತು. "ನನ್ನನ್ನು ನೋಡಿ ಮಾತಾಡಿ" ಎಂದು ನಾನು ಜಗಳ ತೆಗೆಯುವುದು, "ನಿನ್ನನ್ನೇ ನೋಡ್ತಿದ್ದೇನಲ್ಲ" ಎಂದು ಅವರು ಸೋಲುವುದು, ವರ್ಷಗಟ್ಟಲೆ ಇದೇ. ಆ ಸಂಜೆ ಅವರು ಕಣ್ಣು ಮಿಟುಕಿಸದೆ ನೇರ ನನ್ನನ್ನು ನೋಡಿದರು. ನಾನು ಗುಂಡಿ ಒತ್ತಿದೆ. ಲೆನ್ಸು ತೆರೆದು ಮುಚ್ಚುವ ಅಷ್ಟು ಹೊತ್ತು ನನಗೂ ರೆಪ್ಪೆ ಮುಚ್ಚಬೇಕೆನಿಸಲಿಲ್ಲ.

ಫಿಲ್ಮ್ ತೊಳೆಯುವ ಕೆಮಿಕಲ್ ಮುಗಿದಿತ್ತು. ಮುಂಬಯಿಯಿಂದ ಬರಲಿ ಎಂದು, ಆ ಹಾಳೆಯನ್ನೂ ದೀಪಸ್ತಂಭವನ್ನು ಮತ್ತೆ ತೆಗೆದಿದ್ದ ನಾಲ್ಕೈದು ಹಾಳೆಗಳನ್ನೂ ಕತ್ತಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಕಪ್ಪು ಟೇಪು ಸುತ್ತಿದರು. ಪೆಟ್ಟಿಗೆಯ ಮೇಲೆ ಬರೆದವಳು ನಾನೇ. ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ, 'ಬೆಳಕಿಗೆ ತೆರೆಯಬಾರದು'.

ಶಾಲೆ ಶುರುವಾದ ವಾರ, ಮೀನು ತರಲು ಹೋದ ಉಸ್ಮಾನ್ ಎದೆ ಹಿಡಿದುಕೊಂಡು ರಸ್ತೆಯ ಬದಿಗೆ ಕೂತರಂತೆ. ಮಣಿಪಾಲದ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಕೆಮಿಕಲ್ಲಿನ ಪಾರ್ಸೆಲ್ ಬಂದಾಗ ಮನೆ ತುಂಬ ಜನ ಕುರ್‌ಆನ್ ಓದುತ್ತಿದ್ದರು. ಉಸ್ಮಾನ್ ಯಾರು ಎಂದು ಕೊರಿಯರಿನವನು ಗೇಟಿನಲ್ಲಿ ಕೇಳಿದನಂತೆ.

ನಾನು ಇದ್ದತ್ ಕೂತೆ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಚಿಲ್ಲರೆ ಮನೆಯಿಂದ ಹೊರಗೆ ಕಾಲಿಡುವ ಕ್ರಮವಿಲ್ಲ, ಹೊರಗಿನ ಗಂಡಸರ ಎದುರು ಬರುವ ಕ್ರಮವೂ ಇಲ್ಲ. ಟ್ರೆವರ್ ಫೋನಿನಲ್ಲಿ ಹೇಳಿದ, "ಟೀಚರ್, ಆ ಫಿಲ್ಮು ನಾನು ತೊಳೆದುಕೊಡ್ತೇನೆ, ಯಾರ ಕೈಯಲ್ಲಾದರೂ ಕಳಿಸಿ." ಯಾರ ಕೈಯಲ್ಲಿ ಕಳಿಸಲಿ? ದಾರಿಯಲ್ಲಿ ಯಾರೋ ಕುತೂಹಲಕ್ಕೆ ತೆರೆದು ನೋಡಿದರೆ? ನಾನೇ ತೊಳೆಯಲು ಧೈರ್ಯವಿರಲಿಲ್ಲ, ಇರುವುದು ಒಂದೇ ಹಾಳೆ. ಇದ್ದತ್ ಮುಗಿದ ಮರುದಿನ ನಾನೇ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕಾರ್ಕಳಕ್ಕೆ ಹೋಗುತ್ತೇನೆ ಎಂದು ನಿಶ್ಚಯ ಮಾಡಿದೆ. ಜನ ಬಂದರು, ಅತ್ತರು, ಸಬ್ರ್, ತಾಳ್ಮೆ ಇರಲಿ ಎಂದರು, ಚಾ ಕುಡಿದು ಹೋದರು. ನಾನು ಆ ಪೆಟ್ಟಿಗೆಯನ್ನು ನೆನೆದು ದಿನ ತಳ್ಳಿದೆ. ಅದರೊಳಗೆ ಒಬ್ಬರು ಇನ್ನೂ ನನ್ನನ್ನು ನೋಡುತ್ತಾ ಇದ್ದರು.

ಆಟಿ ತಿಂಗಳಿಡೀ ಮಳೆ. ಗೋಡೆ ಬೆವರಿತು, ಚಪ್ಪಲಿಗೆ ಬೂಷ್ಟು ಬಂತು, ಬೀರುವಿನ ಬಟ್ಟೆಗೆಲ್ಲ ಒಂದೇ ವಾಸನೆ. ಆಟಿ ಕಳೆದು ಸೋಣ ತಿಂಗಳು ಹುಟ್ಟಿ ಮೊದಲ ಬಿಸಿಲು ಬಿದ್ದರೆ ಈ ಕಡೆಯ ಹೆಂಗಸರಿಗೆ ಬೇರೆ ಕೆಲಸವಿಲ್ಲ. ಮನೆಯೊಳಗಿನದ್ದೆಲ್ಲ ಅಂಗಳಕ್ಕೆ ಬರಬೇಕು. ಹಾಸಿಗೆ, ದಿಂಬು, ಮದುವೆ ಸೀರೆ, ಸೂಟ್‌ಕೇಸು. ಮಾಮಿ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು, ಪೆಟ್ಟಿಗೆ ಎಂಬುದೊಂದು ಕಂಡರೆ ಅದರ ಬಾಯಿ ತೆರೆಸದೆ ಬಿಡುವವರಲ್ಲ.

ಆ ದಿನ ನಾನು ಒಳಕೋಣೆಯಲ್ಲಿ ಮಲಗಿದ್ದೆ. ರಾತ್ರಿ ಬಾರದ ನಿದ್ದೆ ಬೆಳಿಗ್ಗೆ ಬಂದಿತ್ತು. ಎದ್ದಾಗ ಬಿಸಿಲು ಕಿಟಕಿಯಿಂದ ಒಳಗೆ ಬಂದು ಗೋಡೆಗೆ ಬಡಿಯುತ್ತಿತ್ತು. ಹೊರಗೆ ನೆರೆಮನೆಯ ಬೇಬಿಯಕ್ಕನ ಮಾತು, ಮಾಮಿಯ ಮಾತು, ಹಾಸಿಗೆ ಬಡಿಯುವ ಸದ್ದು. ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತೆ.

ಮೊದಲು ಕಂಡದ್ದು ಕ್ಯಾಮರಾ. ತಿದಿಯನ್ನು ಉದ್ದಕ್ಕೆ ಎಳೆದು ಬಿಸಿಲಿಗೆ ಬೆನ್ನು ಮಾಡಿ ಇಟ್ಟಿದ್ದರು. ಹಗ್ಗದ ಮೇಲೆ ನನ್ನ ಬುರ್ಖಾದ ಕಪ್ಪು ಬಟ್ಟೆ. ಅದರಾಚೆ ಉಸ್ಮಾನ್ ನಮಾಜು ಮಾಡುತ್ತಿದ್ದ ಚಾಪೆ, ಚಾಪೆಯ ಮೇಲೆ ಸಾಲಾಗಿ ಹಾಳೆಗಳು. ಒಂದರ ಮೇಲೊಂದು ಬೀಳದಂತೆ ಬೇರೆ ಬೇರೆ ಹರಡಿ, ಗಾಳಿಗೆ ಹಾರದಂತೆ ಮೂಲೆಗೊಂದು ಹುಣಿಸೆ ಬೀಜ. ಪಕ್ಕದಲ್ಲಿ ಮಾಮಿ ಕುಕ್ಕರುಗಾಲಲ್ಲಿ ಕೂತು ಕೊಡೆ ಹಿಡಿದಿದ್ದರು. ಕೊಡೆ ಅವರ ತಲೆಗಲ್ಲ, ಕಾಗೆ ಓಡಿಸಲು.

ಹೋಲ್ಡರಿನಲ್ಲಿ ಏನಾದರೂ ಉಳಿದಿದೆಯೋ ಎಂದು ಓಡಿ ಹೋಗಿ ನೋಡಿದೆ. ಅವನ್ನೂ ಬಿಟ್ಟಿರಲಿಲ್ಲ, ಎಲ್ಲ ಸ್ಲೈಡನ್ನು ಎಳೆದು, ಒರೆಸಿ, ತೊಳೆದ ತಟ್ಟೆಗಳ ಹಾಗೆ ಗೋಡೆಗೆ ಒರಗಿಸಿದ್ದರು. ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಮುಚ್ಚಳದ ಮೇಲೆ ನನ್ನ ದುಂಡಗಿನ ಕೆಂಪು ಅಕ್ಷರ. ಮಾಮಿ ಕುರ್‌ಆನ್ ಓದುತ್ತಾರೆ, ಕನ್ನಡ ಓದಲು ಬರುವುದಿಲ್ಲ. ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದ ನನಗೆ ಅದು ಬರೆಯುವಾಗ ಹೊಳೆಯಲೇ ಇಲ್ಲ.

ಸಿಟ್ಟು ಬಂತು. ಕಾಲಿನಿಂದ ಹತ್ತಿ ತಲೆಗೇರಿತು. ಈ ಮುದುಕಿಯ ಕೈ ಮುರಿಯಬೇಕು ಎನಿಸಿತು, ಹಾಗೆಯೇ ಎನಿಸಿತು, ಮುಚ್ಚಿಟ್ಟು ಏನು ಪ್ರಯೋಜನ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾಮಿ ತಲೆಯೆತ್ತಿ ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಒಂದಕ್ಕೂ ಬೂಷ್ಟು ಬರಲಿಲ್ಲ ಮಗಳೇ, ಅಲ್‌ಹಂದುಲಿಲ್ಲಾಹ್. ಸರಿಯಾದ ಹೊತ್ತಿಗೆ ತೆಗೆದೆ. ನಿನ್ನ ಮಾವನದ್ದು ಒಂದೇ ಒಂದು ಫೋಟೋ ಇತ್ತು, ಗೊತ್ತುಂಟಾ ನಿನಗೆ? ಹಡಗಿನ ಕೆಲಸಕ್ಕೆ ಹೋಗುವಾಗ ಉಡುಪಿಯಲ್ಲಿ ತೆಗೆಸಿದ್ದು. ನಮ್ಮಲ್ಲಿ ಫೋಟೋ ಗೋಡೆಗೆ ಹಾಕಬಾರದು ಅಂತ ಟ್ರಂಕಿನ ಅಡಿಯಲ್ಲಿ ಇಟ್ಟೆ. ಒಂದು ಆಟಿಗೆ ನೋಡ್ತೇನೆ, ಅಂಗಿ ಉಂಟು, ಟೊಪ್ಪಿ ಉಂಟು, ಮುಖವನ್ನು ಬೂಷ್ಟು ತಿಂದಿದೆ. ಈಗ ಅವರ ಮುಖ ಹೇಗಿತ್ತು ಅಂತ ಕೇಳಿದರೆ ನನಗೆ ಹೇಳ್ಲಿಕ್ಕೆ ಬರುವುದಿಲ್ಲ. ನಿನಗೆ ಹಾಗಾಗಬಾರದು."

ನಾನು ಬಾಯಿ ಮುಚ್ಚಿದೆ.

"ನನ್ನ ಮಗನ ಮುಖ ಇದರಲ್ಲಿ ಯಾವುದರಲ್ಲಿ ಉಂಟು?" ಎಂದು ಕೇಳಿದರು.

ತೊಳೆಯದ ಹಾಳೆಗಳೆಲ್ಲ ಒಂದೇ ಥರ. ಬಿಸಿಲಿಗೆ ಎಲ್ಲವೂ ಬಾಡಿದ ಬದನೆಯ ಬಣ್ಣಕ್ಕೆ ತಿರುಗಿದ್ದವು. ನಾನು ಚಾಪೆಯ ಮುಂದೆ ಕೂತು ಒಂದನ್ನು ಬೆರಳಿಟ್ಟು ತೋರಿಸಿದೆ. "ಇದು, ಮಾಮಿ."

ಅವರು ಕೈಯನ್ನು ಸೀರೆಗೆ ಒರೆಸಿಕೊಂಡು ಅದನ್ನು ಎರಡು ಕೈಯಲ್ಲಿ ಎತ್ತಿ ಮುತ್ತು ಕೊಟ್ಟರು. ಕಣ್ಣಿಗೆ ಒತ್ತಿಕೊಂಡರು. "ನಿನ್ನ ಇದ್ದತ್ ಮುಗಿಯುವವರೆಗೆ ಇದು ನನ್ನ ಹತ್ರ ಇರಲಿ," ಎಂದರು. ಆಮೇಲೆ ಬಿಸಿಲು ಬಂದ ದಿನವೆಲ್ಲ ಅದನ್ನು ಅಂಗಳಕ್ಕೆ ತಂದು, ಮಗ್ಗುಲು ಬದಲಿಸಿ, ಎರಡೂ ಕಡೆ ಒಣಗಿಸಿ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಿದ್ದೆ.

ಇದ್ದತ್ ಮುಗಿದ ಮರುದಿನ ಮಾಮಿಯೇ ನನ್ನನ್ನು ಎಬ್ಬಿಸಿದರು. ಹಾಳೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. "ಜಾಗ್ರತೆ. ಬಸ್ಸಿನಲ್ಲಿ ನಿದ್ದೆ ಮಾಡಬೇಡ."

ಕಾರ್ಕಳದಲ್ಲಿ ಟ್ರೆವರ್ ಬಟ್ಟೆ ಬಿಡಿಸಿ ನೋಡಿದ. ಹಾಳೆಯನ್ನು ಎರಡೂ ಬದಿ ತಿರುಗಿಸಿದ. ಕೊನೆಗೆ ಕೇಳಿದ, "ಬಿಸಿಲಾ?"

"ಹೌದು."

"ಇದರಲ್ಲಿ ಇನ್ನು ಎಂತದ್ದೂ ಬರುವುದಿಲ್ಲ ಟೀಚರ್."

"ಗೊತ್ತು. ಆದರೂ ತೊಳೆದುಕೊಡಿ."

ಅವನು ತೊಳೆದು, ಒಣಗಿಸಿ ಕೊಟ್ಟ. ಕಪ್ಪು. ಕಿಟಕಿಯ ಬೆಳಕಿಗೆ ಹಿಡಿದೆ, ಟ್ಯೂಬ್‌ಲೈಟಿಗೆ ಹಿಡಿದೆ, ಬಸ್‌ಸ್ಟ್ಯಾಂಡಿನಲ್ಲಿ ಸೂರ್ಯನಿಗೇ ಹಿಡಿದೆ. ನಾನು ಬೆರಳಿಟ್ಟು ತೋರಿಸಿದ ಹಾಳೆಯಲ್ಲಿ ಉಸ್ಮಾನ್ ಇದ್ದರೋ ದೀಪಸ್ತಂಭ ಇತ್ತೋ ದೇವರಿಗೇ ಗೊತ್ತು. ಬಸ್ಸು ಬೆಳ್ಮಣ್ಣು ದಾಟುವವರೆಗೆ ಮಾಮಿಗೆ ಎಂತ ಹೇಳುವುದು ಎಂದು ಯೋಚಿಸಿದೆ. ಬಿದ್ದುಹೋಯಿತು ಎನ್ನಲೇ? ಟ್ರೆವರ್ ಕಳೆದುಹಾಕಿದ ಎನ್ನಲೇ? ಪಾಪ, ಅವನೇನು ಮಾಡಿದ್ದಾನೆ.

ಮಾಮಿ ಗೇಟಿನಲ್ಲೇ ನಿಂತಿದ್ದರು. ಬೇಬಿಯಕ್ಕನನ್ನೂ ಕರೆದಿದ್ದರು, ಇಬ್ಬರಿಗೂ ಚಾಕ್ಕೆ ನೀರು ಇಟ್ಟಿದ್ದರು. ನಾನು ಹಾಳೆಯನ್ನು ಕೈಗೆ ಕೊಟ್ಟೆ. ಮಾಮಿ ಕನ್ನಡಕ ಹಾಕಿಕೊಂಡು ನೋಡಿದರು, ತಿರುಗಿಸಿ ನೋಡಿದರು.

"ಎಲ್ಲಿ?"

"ಬರಲಿಲ್ಲ ಮಾಮಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, ಅಂಗಳದ ಕಡೆಗೆ ನೋಡಿದರು. "ಹಸೀನಾ, ನಾನು ಅದನ್ನು ಬಿಸಿಲಿಗೆ..."

"ಬಿಸಿಲಿಗೂ ಅದಕ್ಕೂ ಎಂತ ಸಂಬಂಧ?" ಎಂದೆ, ಗಟ್ಟಿಯಾಗಿ, ತರಗತಿಯಲ್ಲಿ ಹೇಳುವ ಹಾಗೆ. "ತಪ್ಪು ನನ್ನದು. ಫೋಟೋ ತೆಗೆಯುವಾಗ ನಾನು ಸ್ಲೈಡ್ ಎಳೆಯಲು ಮರೆತೆ. ಎಳೆಯದಿದ್ದರೆ ಫೋಟೋ ಬೀಳುವುದೇ ಇಲ್ಲ. ಅದರಲ್ಲಿ ಮೊದಲಿನಿಂದಲೂ ಏನೂ ಇರಲಿಲ್ಲ ಮಾಮಿ."

ಎಳೆಯದಿದ್ದರೆ ಫಿಲ್ಮು ಗಾಜಿನ ಹಾಗೆ ಬರುತ್ತದೆ, ಕಪ್ಪಾಗಿ ಅಲ್ಲ. ಉಸ್ಮಾನ್ ಇದ್ದಿದ್ದರೆ ನನ್ನ ಸುಳ್ಳನ್ನು ಅಲ್ಲಿಯೇ ಹಿಡಿಯುತ್ತಿದ್ದರು. ಮಾಮಿಗೆ ಅದೆಲ್ಲ ತಿಳಿಯದು. ಅವರು ಕನ್ನಡಕ ತೆಗೆದರು. ಮುಖಕ್ಕೆ ಬಣ್ಣ ಬಂತು, ಆಮೇಲೆ ಸಿಟ್ಟು ಬಂತು.

"ಒಂದು ಫೋಟೋ!" ಎಂದರು. "ನನ್ನ ಮಗ ಒಂದೇ ಒಂದು ಸಲ ಕೂತ. ಅಷ್ಟೂ ಸರಿಯಾಗಿ ಮಾಡ್ಲಿಕ್ಕೆ ಆಗಲಿಲ್ವಾ ನಿನಗೆ? ಶಾಲೆಯಲ್ಲಿ ಮಕ್ಕಳಿಗೆ ಎಂತ ಕಲಿಸ್ತೀಯಾ ನೀನು?"

"ಹೌದು ಮಾಮಿ," ಎಂದೆ.

ಈಗ ಮನೆಗೆ ಬಂದವರಿಗೆಲ್ಲ ಮಾಮಿ ಅದನ್ನು ಹೇಳುತ್ತಾರೆ. ಕುಕ್ಕುಂದೂರಿನಿಂದ ಅವರ ತಂಗಿ ಬಂದಾಗ ಹೇಳಿದರು, ಮಸೀದಿಯ ಪಕ್ಕದ ಮನೆಯವರಿಗೆ ಹೇಳಿದರು. ಬೇಬಿಯಕ್ಕನಿಗೆ ವಾರಕ್ಕೊಮ್ಮೆಯಾದರೂ ಹೇಳದಿದ್ದರೆ ಆಗುವುದಿಲ್ಲ. ಬೇಬಿಯಕ್ಕ ನನ್ನ ಕಡೆ ತಿರುಗಿ, "ಇರಲಿ ಬಿಡಿ ಟೀಚರ್, ಹೊಸತಲ್ವಾ, ಕೈತಪ್ಪು ಯಾರಿಗೂ ಆಗ್ತದೆ," ಎಂದು ಸಮಾಧಾನ ಮಾಡುತ್ತಾರೆ. ಒಂದು ಮಾತಿಗೆ ಹತ್ತು ಮಾತು ಕೊಡುವ ನಾನು ತಲೆ ಬಗ್ಗಿಸಿ ಚಾ ತಟ್ಟೆ ಇಟ್ಟು ಬರುತ್ತೇನೆ. ಮಾಮಿಗೆ ರಾತ್ರಿ ನಿದ್ದೆ ಬರುತ್ತದೆ. ನನಗೆ ಅಷ್ಟು ಸಾಕು.

ಅಷ್ಟು ಸಾಕಾಗುವುದಿಲ್ಲ ಕೆಲವು ಸಂಜೆ. ಆಗ ಸಿಟೌಟಿನಲ್ಲಿ ಕ್ಯಾಮರಾ ನಿಲ್ಲಿಸಿ, ಎದುರಿಗೆ ಕೆಂಪು ಕುರ್ಚಿ ಇಟ್ಟು, ಬಟ್ಟೆಯೊಳಗೆ ತಲೆ ಹಾಕುತ್ತೇನೆ. ಕುರ್ಚಿ ತಲೆಕೆಳಗಾಗಿ ಕಾಣುತ್ತದೆ. ಒಳಗಿನಿಂದ ಮಾಮಿ ಯಾರಿಗೋ ಹೇಳುವುದು ಕೇಳಿಸುತ್ತದೆ, "ಎಳೆಯಲು ಮರೆತಳಂತೆ, ನೋಡಿ."

ನಾನು ಮರೆತಿರಲಿಲ್ಲ. ಎಳೆದಿದ್ದೆ. ಅದರ ಸದ್ದು ನನ್ನ ಕಿವಿಯಲ್ಲಿ ಈಗಲೂ ಉಂಟು. ಅವರು ನನ್ನನ್ನೇ ನೋಡುತ್ತಿದ್ದರು.